ಮುಟ್ಟು ಮುಂದೂಡುವ ಮಾತ್ರೆ ಮತ್ತು ಪಾರ್ಶ್ವವಾಯು

ಜಾತ್ರೆ, ಮದುವೆ, ಗೃಹಪ್ರವೇಶಗಳು ಸಮೀಪಿಸಿದಾಗ ಮುಟ್ಟು ಮುಂದೂಡುವ ಮಾತ್ರೆಗಳನ್ನು ಔಷಧದಂಗಡಿಯಿಂದ ತಾವಾಗಿಯೇ ತರಿಸಿ ಸೇವಿಸುವ ತಾಯಂದಿರನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. ಕೆಲವರು ಸಂತಾನನಿರೋಧಕ ಮಾತ್ರೆಗಳನ್ನೇ ಇದಕ್ಕೆ ಬಳಸುವುದುಂಟು.

ಸಂತಾನನಿರೋಧಕ ಸಂಯುಕ್ತ ಮಾತ್ರೆಯಲ್ಲಿರುವ ಈಸ್ಟ್ರೋಜೆನ್, ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತಿನಲ್ಲಿ ಹೆಚ್ಚಿಸುತ್ತದೆ. ಮುಟ್ಟು ಮುಂದೂಡಲು ದಿನಕ್ಕೆ 15 ಮಿಲಿಗ್ರಾಂ ಸೇವಿಸುವ ನಾರೆಥಿಸ್ಟೆರಾನ್ ಕೂಡ ಅಲ್ಪಾಂಶದಲ್ಲಿ ದೇಹದೊಳಗೆ ಈಸ್ಟ್ರೋಜೆನ್ ಆಗಿ ಮಾರ್ಪಡುತ್ತದೆ. ಹೆಪ್ಪುಗಟ್ಟಿದ ರಕ್ತವು ಮಿದುಳಿನ ನಾಳವನ್ನು ಮುಚ್ಚಿದರೆ ಪಾರ್ಶ್ವವಾಯು ಉಂಟಾಗುತ್ತದೆ. ಆರೋಗ್ಯವಂತ ತರುಣಿಯರಲ್ಲಿ ಇದು ವಿರಳ. ಆದರೆ ಅಧಿಕ ರಕ್ತದೊತ್ತಡ, ತಂಬಾಕು ಸೇವನೆ, ಕಣ್ಣೆದುರು ಬೆಳಕು ಮಿಂಚಿ ಬರುವ ಅರೆತಲೆನೋವು ಉಳ್ಳವರಿಗೆ, ಬಾಣಂತಿಯರಿಗೆ, 35 ವರ್ಷ ದಾಟಿದವರಿಗೆ ಅಪಾಯ ಹೆಚ್ಚು. ನೀರನ್ನೂ ಬಿಟ್ಟು ಉಪವಾಸವಿದ್ದರೆ ಅದು ಮತ್ತಷ್ಟು ಏರುತ್ತದೆ.

ವೈದ್ಯರ ಸಲಹೆಯಂತೆ ಸಂತಾನನಿರೋಧಕ್ಕಾಗಿ ಮಾತ್ರೆ ಸೇವಿಸುತ್ತಿರುವವರು ಹೆದರಿ ನಿಲ್ಲಿಸಬೇಕಾಗಿಲ್ಲ. ರಕ್ತದೊತ್ತಡವನ್ನು ಪರೀಕ್ಷಿಸಿಕೊಂಡು ಅವರನ್ನೇ ವಿಚಾರಿಸಬೇಕು.

ತೀವ್ರ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಶಕ್ತಿಗುಂದುವುದು ಕಂಡರೆ ಎಣ್ಣೆ ತಿಕ್ಕುತ್ತ, ಕಷಾಯ ಕುಡಿಸುತ್ತ ಕಾಲ ಕಳೆಯದೆ ತಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಆಯುರ್ವೇದದ ಉಪಚಾರಕ್ಕೆ ಆಮೇಲೆ ಅವಕಾಶವಿದೆ.

ಶರಣಧರ್ಮವು ಪಂಚಸೂತಕಗಳನ್ನು ನಿರಾಕರಿಸಿದೆ, ರಜಸ್ಸೂತಕವೂ ಅವುಗಳಲ್ಲೊಂದು. ಇಷ್ಟಲಿಂಗವನ್ನು ಧರಿಸಿದವಳಿಗೆ ಮುಟ್ಟಿನ ದಿನವೂ ಪೂಜೆಗೆ ಅಡ್ಡಿಯಿಲ್ಲ. ಹೀಗಿರಲು ಪೂಜೆಗಾಗಿ ಈ ಮಾತ್ರೆಯ ಹಂಗೇಕೆ? ಮನೆಯ ಹಿರಿಯರೇ ಈ ಮಾತನ್ನು ಸೊಸೆಯಂದಿರಿಗೂ ಹೆಣ್ಣುಮಕ್ಕಳಿಗೂ ಮೊದಲು ತಿಳಿಸಬೇಕೆಂಬುದು ನಮ್ಮ ವಿನಂತಿ.