ಥ್ರಿಲ್ಲರ್ ಬರೆಯೋ ಮುಂಚೆ: ಕೊಬ್ಬರಿ ಲಾರಿಯ ಲೆಕ್ಕಾಚಾರ

ಡ್ರಗ್ಸ್ ಸಾಗಣೆಯ ಥ್ರಿಲ್ಲರ್ ಅಂದ ಕೂಡಲೇ ತಮಿಳಿನ ‘ಕೈದಿ’ (2019) ನೆನಪಾಗುತ್ತೆ: ಒಂದು ರಾತ್ರಿ, ಒಂದು ಲಾರಿ, ಹಿಂದೆ ಬಿದ್ದ ಗ್ಯಾಂಗು. ಅಂಥದ್ದೊಂದು ಕಥೆಯನ್ನು ನಮ್ಮ ತಿಪಟೂರಿನಲ್ಲೇ ಬರೆದರೆ? ತುರುವೇಕೆರೆ, ಚಿಕ್ಕನಾಯಕನಹಳ್ಳಿ ತೋಟಗಳ ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಬಂದು, ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತದೆ. ದಾರಿಯೂ ಉದ್ದ, ರಾತ್ರಿಗಳೂ ಬೇಕಾದಷ್ಟು.

ಕಥೆ ಹೀಗಿರಲಿ. ಸಾಲ ಮಾಡಿ ಲಾರಿ ಕೊಂಡ ಮಾಲೀಕ ಊರಲ್ಲಿದ್ದಾನೆ. ದಾರೀಲಿ ಪೊಲೀಸರು ತಡೆದಾಗ ಕೊಬ್ಬರಿ ಚೀಲಗಳ ನಡುವೆ 21 ಕೆ.ಜಿ. ಗಾಂಜಾ ಸಿಗುತ್ತದೆ.

‘ವೇಬ್ರಿಡ್ಜ್‌ನಲ್ಲೇ ಗೊತ್ತಾಗಲ್ವಾ?’ ಅಂತ ನಮ್ಮವರು ಕೇಳೇ ಕೇಳ್ತಾರೆ. 10 ಟನ್ ಲೋಡಿನಲ್ಲಿ 21 ಕೆ.ಜಿ. ಅಂದ್ರೆ ಶೇ. 0.21. 300 ಲೀಟರ್ ಡೀಸೆಲ್ಲೇ ಸುಮಾರು 250 ಕೆ.ಜಿ. ತೂಗುತ್ತೆ. ಹಾಗಾಗಿ ಆ ದೃಶ್ಯ ಬರೀಬೇಡಿ.

ಕಾನೂನಿನ ತಕ್ಕಡಿ ಮಾತ್ರ ಬಲು ಸೂಕ್ಷ್ಮ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ 1 ಕೆ.ಜಿ.ವರೆಗೆ ‘ಅಲ್ಪ ಪ್ರಮಾಣ’. 20 ಕೆ.ಜಿ. ದಾಟಿದರೆ ‘ವಾಣಿಜ್ಯ ಪ್ರಮಾಣ’: 10ರಿಂದ 20 ವರ್ಷ ಕಠಿಣ ಸಜೆ, ಕನಿಷ್ಠ 1 ಲಕ್ಷ ರೂಪಾಯಿ ದಂಡ.

ಇನ್ನು ಲಾರಿ? 60ನೇ ಕಲಮಿನ ಪ್ರಕಾರ ಅದನ್ನೂ ಮುಟ್ಟುಗೋಲು ಹಾಕಬಹುದು. ತನಗೂ ಡ್ರೈವರಿಗೂ ವಿಷಯ ಗೊತ್ತಿರಲಿಲ್ಲ, ಬೇಕಾದ ಎಚ್ಚರಿಕೆಯನ್ನೂ ತಗೊಂಡಿದ್ವಿ ಅಂತ ಮಾಲೀಕನೇ ಸಾಬೀತು ಮಾಡಬೇಕು. ಕೇಸು ಮುಗಿಯೋವರೆಗೆ ಲಾರಿ ಠಾಣೆ ಮುಂದೆ ತುಕ್ಕು ಹಿಡಿದರೂ ಸಾಲದ ಕಂತು ನಿಲ್ಲಲ್ಲ.

ಅಸ್ಸಾಮಿನಲ್ಲಿ ಹೀಗೇ ಆಯ್ತು. ಸಾಲದ ಲಾರಿಯಲ್ಲಿ ಕೂತಿದ್ದವನ ಬಳಿ ಹೆರಾಯಿನ್ ಸಿಕ್ಕಿತು. ಮಾಲೀಕ ಆರೋಪಿಯಲ್ಲ, ಆದರೂ ಲಾರಿ ವಶವಾಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಷರತ್ತಿನ ಮೇಲೆ ಲಾರಿ ಬಿಡಿಸಿತು. ಮಾಲು ಮಾಲೀಕನದೋ ಅವನ ಡ್ರೈವರ್, ಕ್ಲೀನರದೋ ಆದರೆ ಲಾರಿ ಸಾಮಾನ್ಯವಾಗಿ ಬಿಡುಗಡೆಯಾಗಲ್ಲ. ಮಾಲೀಕನಿಗೆ ಗೊತ್ತಿಲ್ಲದೆ ಬೇರೆಯವನು ತಂದದ್ದಾದರೆ ಸಾಮಾನ್ಯವಾಗಿ ಬಿಡಬೇಕು ಅಂತ ಕೋರ್ಟು ವಿಂಗಡಿಸಿತು.

ಅಂದ್ರೆ ನಿಮ್ಮ ಕಥೆಯ ಗಂಟು ಇಷ್ಟೇ: ಡ್ರೈವರಿಗೆ ಗೊತ್ತಿತ್ತಾ? ಆ ಒಂದು ಉತ್ತರದ ಮೇಲೆ ಡ್ರೈವರಿನ ಹತ್ತು ವರ್ಷ, ಮಾಲೀಕನ ಲಾರಿ ಎರಡೂ ನಿಂತಿವೆ.

ನಮ್ಮ ಕಡೆ ಲಾರಿ ಇಟ್ಟ ಮನೆಗಳು ಬೇಕಾದಷ್ಟಿವೆ. ರಜೇಲಿ ಊರಿಗೆ ಹೋದಾಗ ಡ್ರೈವರಣ್ಣನಿಗೆ ಹೇಳಿ: ಬಿಲ್ಟಿ ಇಲ್ಲದ ಪಾರ್ಸೆಲ್ಲು ಬೇಡ, ಗುರುತಿಲ್ಲದವರ ಬ್ಯಾಗು ಬೇಡ. ಥ್ರಿಲ್ಲರ್ ಕಾಗದದ ಮೇಲಷ್ಟೇ ಇರಲಿ.