ತುಂಬಿಕೊಂಡೇ ಮರಳುವ ನೀರಿನ ಬಾಟಲಿ

ಮೂರನೇ ತರಗತಿಯ ಹುಡುಗನೊಬ್ಬ ಶಾಲೆಯಿಂದ ಬಂದವನೇ ಬೆನ್ನಿನ ಬ್ಯಾಗನ್ನೂ ಇಳಿಸದೆ ಶೌಚಾಲಯಕ್ಕೆ ಓಡುತ್ತಿದ್ದ. ಬೆಳಿಗ್ಗೆ ತುಂಬಿಸಿ ಕಳಿಸಿದ ನೀರಿನ ಬಾಟಲಿ ಸಂಜೆಯೂ ಹಾಗೇ ತುಂಬಿರುತ್ತಿತ್ತು. ಸೋಮವಾರ ಬಂತೆಂದರೆ ಹೊಟ್ಟೆನೋವು. ವೈದ್ಯರು ಎರಡು ಸಲ ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದ ಮೇಲೆ ತಾಯಿ ಅವನನ್ನು ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದರು. ಮೂರನೇ ಭೇಟಿಯಲ್ಲಿ, ಚಿತ್ರಕ್ಕೆ ಬಣ್ಣ ತುಂಬುತ್ತಾ, ತಲೆಯೆತ್ತದೆ ಹೇಳಿದ: “ಟಾಯ್ಲೆಟ್‌ಗೆ ಹೋದ್ರೆ ಹೊರಗಿಂದ ಚಿಲಕ ಹಾಕ್ತಾರೆ. ಅದಕ್ಕೇ ನಾನು ನೀರು ಕುಡಿಯಲ್ಲ.”

ಇಂಥದ್ದನ್ನು ಹುಡುಗಾಟ ಎಂದು ತಳ್ಳಿಹಾಕಬೇಡಿ. ರಬ್ಬರಿಗಾಗಿ ಕಿತ್ತಾಡಿ, ‘ಠೂ’ ಬಿಟ್ಟು, ಮರುದಿನ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡರೆ ಅದು ಜಗಳ. ಎದುರು ನಿಲ್ಲಲಾರದ ಒಂದೇ ಮಗುವನ್ನು ದಿನವೂ ಗೋಳು ಹೊಯ್ದುಕೊಂಡರೆ ಅದು ಕಾಟ. ನಾರ್ವೆಯಲ್ಲಿ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಡ್ಯಾನ್ ಓಲ್ವೇಯಸ್ ಕೂಡ ಇದೇ ಗುರುತು ಹೇಳಿದರು: ಬೇಕೆಂದೇ ನೋಯಿಸುವುದು, ಅದು ಮರುಕಳಿಸುವುದು, ಇಬ್ಬರ ಬಲ ಸಮನಾಗಿಲ್ಲದಿರುವುದು. ‘ಡುಮ್ಮ’, ‘ಕರಿಯ’, ‘ಸೋಡಾಬುಡ್ಡಿ’ ಎಂದು ಕೂಗುವುದೂ ಇದರೊಳಗೇ ಬರುತ್ತದೆ. ಈ ಹೆಸರುಗಳನ್ನು ಎಷ್ಟೋ ಮಕ್ಕಳು ಕಲಿಯುವುದು ಮನೆಯಲ್ಲೇ, ದೊಡ್ಡವರ ಬಾಯಿಂದ.

ಪೋಷಕರು ನನ್ನನ್ನು ಕೇಳುವುದು ಹೆಚ್ಚಾಗಿ ಎರಡೇ ಮಕ್ಕಳ ಬಗ್ಗೆ, ಹೊಡೆದವನು ಮತ್ತು ಹೊಡೆಸಿಕೊಂಡವನು. ನಾನು ಮೂರನೆಯವರ ಬಗ್ಗೆಯೂ ಕೇಳುತ್ತೇನೆ. ಚಿಲಕ ಹಾಕಿದ್ದು ಒಬ್ಬನೇ, ನಕ್ಕವರು ಆರು ಮಂದಿ. ಕೆನಡಾದ ಸಂಶೋಧಕರು ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗ್ಗೆ ಕಣ್ಣು ತೆರೆಸುವಂಥದ್ದು. ಜೊತೆಯ ಮಕ್ಕಳು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕಾಟ 10 ಸೆಕೆಂಡಿನೊಳಗೆ ನಿಂತಿತ್ತು. ಆದರೆ ಹಾಗೆ ಮಧ್ಯೆ ಬಂದದ್ದು ಐದರಲ್ಲಿ ಒಂದು ಸಲವೂ ಇಲ್ಲ. ಶಾಲೆಗಳಲ್ಲಿ ಇಂಥ ಕಾಟ ತಡೆಯಲು ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕಿವಾ’ ಕಾರ್ಯಕ್ರಮವೂ ನೋಡುತ್ತ ನಿಂತ ಮಕ್ಕಳನ್ನು ಬದಲಿಸುವುದಕ್ಕೇ ಒತ್ತು ಕೊಡುತ್ತದೆ.

ನಮ್ಮ ಮಕ್ಕಳು ಯಾಕೆ ಸುಮ್ಮನಿರುತ್ತಾರೆ? “ಚಾಡಿ ಹೇಳಬಾರದು” ಎಂದು ನಾವೇ ಕಲಿಸಿದ್ದೇವೆ. ಇದನ್ನು ತಿದ್ದಲೇಬೇಕು. ಒಬ್ಬರನ್ನು ಬೈಸಲೆಂದು ಹೇಳಿದರೆ ಚಾಡಿ, ಒಬ್ಬರನ್ನು ಕಾಪಾಡಲೆಂದು ಹೇಳಿದರೆ ಅಲ್ಲ. ಆರು ವರ್ಷದ ಮಗುವಿಗೂ ಈ ವ್ಯತ್ಯಾಸ ತಿಳಿಯುತ್ತದೆ. ಎದುರು ನಿಂತು ತಡೆಯುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ, ಅದನ್ನು ಒತ್ತಾಯಿಸಲೂಬಾರದು. ನಗದೇ ಇರುವುದು, “ಬಾರೋ, ನಮ್ಮ ಜೊತೆ ಕೂತ್ಕೋ” ಎಂದು ಊಟಕ್ಕೆ ಕರೆಯುವುದು, ಟೀಚರ್‌ಗೆ ತಿಳಿಸುವುದು, ಇಷ್ಟು ಸಾಕು.

ನಿಮ್ಮ ಮಗುವೇ ಕಾಟಕ್ಕೆ ಸಿಕ್ಕಿದ್ದರೆ “ನೀನೂ ಎರಡು ಬಿಟ್ಟು ಬಾ” ಎನ್ನಬೇಡಿ. ಕೈಲಾಗದು ಎಂಬ ಕಾರಣಕ್ಕೇ ಅದು ಸಿಕ್ಕಿಬಿದ್ದಿದೆ. ಈಗ ನಿಮ್ಮ ಮುಂದೆಯೂ ಸೋತಂತಾಗುತ್ತದೆ. ಶಾಲೆಯ ಗೇಟಿನಲ್ಲಿ ಇನ್ನೊಬ್ಬರ ಮಗುವನ್ನು ಗದರಿಸುವುದು, ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕುವುದು ಕೂಡ ಬೇಡ. ಯಾವ ದಿನ, ಯಾವ ಜಾಗ, ಏನಾಯಿತು ಎಂದು ಬರೆದಿಟ್ಟುಕೊಂಡು ತರಗತಿ ಶಿಕ್ಷಕರನ್ನು ಕಾಣಿ. ಶಿಕ್ಷೆಗಿಂತ ಮೊದಲು ಜಾಗದ ಬಗ್ಗೆ ಕೇಳಿ: ವ್ಯಾನಿನಲ್ಲಿ, ಶೌಚಾಲಯದ ಬಳಿ, ಊಟದ ಬಿಡುವಿನಲ್ಲಿ ಯಾರು ನಿಗಾ ಇಡುತ್ತಾರೆ? ಆ ಹುಡುಗನ ಶಾಲೆಯಲ್ಲಿ ಹೊರಗಿನ ಚಿಲಕಗಳನ್ನು ತೆಗೆಸಿದರು, ಬಿಡುವಿನ ವೇಳೆ ಆಯಾ ಒಬ್ಬರನ್ನು ಅಲ್ಲಿ ನಿಲ್ಲಿಸಿದರು. ಚಿಲಕ ಹಾಕುತ್ತಿದ್ದವನ ಜೊತೆಗೂ ಕೂತು ಮಾತಾಡಿದೆವು. ಮನೆಯಲ್ಲಿ ಬೆಲ್ಟಿನ ಏಟು ತಿನ್ನುತ್ತಿದ್ದ ಮಗು ಅದು. ಅವನಿಗೂ ನೆರವು ಬೇಕಿತ್ತು.

ಇಂದು ಸಂಜೆ “ಎಷ್ಟು ಮಾರ್ಕ್ಸ್?” ಎಂದು ಕೇಳುವ ಮೊದಲು “ಊಟಕ್ಕೆ ಯಾರ ಪಕ್ಕ ಕೂತಿದ್ದೆ?” ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕಾಯಿರಿ. ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ. ಈ ಸಂಖ್ಯೆಯನ್ನು ಮಗುವಿಗೂ ಬಾಯಿಪಾಠ ಮಾಡಿಸಿ.