ಇಂದಿನ ಧಮ್ಮ ಚಿಂತನೆ: ಫೋಟೋದಲ್ಲಿರುವ ಮಗು



ಕಳೆದ ಭಾನುವಾರ ನಾಲ್ಕು ಬ್ರಹ್ಮವಿಹಾರಗಳ ಪಾಠ ನಡೆಯುವಾಗ ಅಕ್ಕ ಒಬ್ಬರು ಕೇಳಿದರು: "ಮೇಷ್ಟ್ರೇ, ಒಂದು ಸಲವೂ ಎತ್ತಿಕೊಳ್ಳದ ಮಗುವಿಗಾಗಿ ಅಳೋದು ಮೈತ್ರಿನೋ, ತೃಷ್ಣೆನೋ?" ಚೀನಾದ ಮಕ್ಕಳನ್ನು ದತ್ತು ಪಡೆಯಲು ಕಾದು ಕೂತ ಅಮೆರಿಕದವರ ಸುದ್ದಿ ಓದಿ ಅವರಿಗೆ ಈ ಪ್ರಶ್ನೆ ಬಂದಿತ್ತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ವಿಷಯ ಇಷ್ಟು. 1992ರಿಂದ ಚೀನಾ ತನ್ನ ಅನಾಥಾಲಯಗಳ ಮಕ್ಕಳನ್ನು ಹೊರದೇಶದವರಿಗೆ ದತ್ತು ಕೊಡುತ್ತಿತ್ತು. 1,60,000ಕ್ಕೂ ಹೆಚ್ಚು ಮಕ್ಕಳು ಹೀಗೆ ಹೋದರು, ಸುಮಾರು ಅರ್ಧದಷ್ಟು ಅಮೆರಿಕಕ್ಕೆ. ಒಂದೇ ಮಗು ಎಂಬ ನಿಯಮದ ಕಾಲದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆಮೇಲೆ ಕಾಯಿಲೆ, ಅಂಗವೈಕಲ್ಯ ಇದ್ದವರು. ಮಗು ಗೊತ್ತಾದ ಮೇಲೆ ದಂಪತಿಗೆ ಒಂದು ಫೈಲು ಬರುತ್ತಿತ್ತು. ಫೋಟೋ, ತೂಕ, ಎತ್ತರ, ವೈದ್ಯರ ವರದಿ. ಒಪ್ಪಿ ಸಹಿ ಹಾಕಿದ ದಿನದಿಂದ ಮನಸ್ಸಿನಲ್ಲಿ ಅವರು ಅಪ್ಪ ಅಮ್ಮ. ಕಾನೂನಿನಲ್ಲಿ ಇನ್ನೂ ಯಾರೂ ಅಲ್ಲ.

2020ರಲ್ಲಿ ಕೋವಿಡ್ ಬಂದು ಎಲ್ಲ ನಿಂತಿತು. ಸಹಿ ಹಾಕಿದ್ದ ನೂರಾರು ಕುಟುಂಬಗಳು ಕಾದವು. ಎರಡು ವರ್ಷದ ಮಗುವಿಗೆಂದು ಕೊಂಡ ಅಂಗಿ ಮಗುವಿಗೆ ಆರು ತುಂಬುವಾಗಲೂ ಕಪಾಟಿನಲ್ಲೇ ಇದ್ದರೆ ಹೇಗಿರುತ್ತದೆ, ಯೋಚಿಸಿ. ಮಕ್ಕಳ ಮಾರಾಟ ತಡೆಯಲು 1993ರ ಹೇಗ್ ಒಪ್ಪಂದ ಕಟ್ಟುನಿಟ್ಟು ಮಾಡಿದೆ: ಎಲ್ಲವೂ ಎರಡೂ ಸರ್ಕಾರಗಳ ಮೂಲಕವೇ ಆಗಬೇಕು. ಆ ಬಿಗಿ ಬೇಕು. ಆದರೆ "ಮಗು ಹೇಗಿದೆ" ಎಂಬ ಒಂದು ಸಾಲಿಗೆ ತಿಂಗಳುಗಟ್ಟಲೆ ಕಾಯುವವರಿಗೆ ಅದು ಕಲ್ಲಿನ ಗೋಡೆ. ಕೊನೆಗೆ 2024ರ ಸೆಪ್ಟೆಂಬರ್‌ನಲ್ಲಿ ಚೀನಾ ಹೇಳಿತು: ಹತ್ತಿರದ ರಕ್ತಸಂಬಂಧಿಗಳು, ಮಲಮಕ್ಕಳನ್ನು ಪಡೆಯುವವರು ಬಿಟ್ಟರೆ ಹೊರದೇಶದವರಿಗೆ ಇನ್ನು ದತ್ತು ಇಲ್ಲ.

ಅಕ್ಕನ ಪ್ರಶ್ನೆಗೆ ಬರೋಣ. "ಯಾವಾಗ ಕೊಡುತ್ತೀರಿ?" ಎನ್ನುವಾಗ ಅಲ್ಲಿ "ನನ್ನದು" ಇದೆ. "ಆಪರೇಷನ್ ಆಯಿತೇ? ರಾತ್ರಿ ಯಾರ ಪಕ್ಕ ಮಲಗುತ್ತಾಳೆ?" ಎನ್ನುವಾಗ ಅಲ್ಲಿ ಮಗು ಇದೆ. ಎರಡೂ ಒಂದೇ ಬಾಯಿಂದ, ಒಂದೇ ಉಸಿರಿಗೆ ಬರುತ್ತವೆ. ಅದಕ್ಕೆ ನಾಚಬೇಕಿಲ್ಲ. ಪ್ರಿಯರ ಅಗಲಿಕೆ ದುಃಖ ಎಂದು ಬುದ್ಧರು ಮೊದಲ ಸತ್ಯದಲ್ಲೇ ಸೇರಿಸಿದ್ದಾರೆ. ಬಾಬಾಸಾಹೇಬರು ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟವರು. 1926ರಲ್ಲಿ ರಾಜರತ್ನ ಹೋದಾಗ ಗೆಳೆಯರಿಗೆ ಬರೆದ ಪತ್ರದಲ್ಲಿ ಆ ನೋವನ್ನು ಮುಚ್ಚಿಡಲಿಲ್ಲ. ಉಪೇಕ್ಷೆ ಅಂದರೆ ಕಲ್ಲುಮನಸ್ಸು ಅಂದುಕೊಳ್ಳುವವರು ಆ ದಿನಗಳನ್ನು ಒಮ್ಮೆ ನೆನೆಯಬೇಕು.

ಹೆತ್ತವರೇ ತಾಯಿ ಎನ್ನುವ ಮಾತೂ ನಮ್ಮದಲ್ಲ. ಮಹಾಮಾಯೆ ಏಳನೇ ದಿನ ತೀರಿಕೊಂಡರು, ಸಿದ್ಧಾರ್ಥನನ್ನು ಸಾಕಿದ್ದು ಗೋತಮಿ. ಹಳೆಯ ಶಾಸ್ತ್ರದ ಪ್ರಕಾರ ದತ್ತು ಎಂದರೆ ಸ್ವಜಾತಿಯ ಗಂಡುಮಗು. ಬಾಬಾಸಾಹೇಬರು ಹಿಂದೂ ಕೋಡ್ ಬಿಲ್‌ನಲ್ಲಿ ಮುರಿಯಲು ಹೊರಟಿದ್ದು ಇಂಥ ಕಟ್ಟುಗಳನ್ನೇ. ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂಬ ಕಾಯ್ದೆ, ಬೌದ್ಧರಿಗೂ ಅನ್ವಯಿಸುವಂಥದ್ದು, 1956ರ ಡಿಸೆಂಬರ್ 21ರಂದು ಬಂತು. ಅವರ ಪರಿನಿಬ್ಬಾಣವಾಗಿ ಆಗಲೇ 15 ದಿನ.

ಇನ್ನೊಬ್ಬರಿದ್ದಾರೆ, ನಾವು ಮರೆಯುವವರು. ಚೀನಾದ ಯಾವುದೋ ಹಳ್ಳಿಯಲ್ಲಿ ಮಗುವನ್ನು ಬಿಟ್ಟು ಬಂದ ತಾಯಿ. ಅವಳಿಗೆ ಯಾವ ಫೈಲೂ ಬರುವುದಿಲ್ಲ, ಫೋಟೋ ಕೂಡ.

ಇಂದು ಸಂಜೆ ಮೈತ್ರಿ ಭಾವನೆಗೆ ಕೂತಾಗ ಮೊದಲು ಆ ಮಗು, ಆಮೇಲೆ ಕಾದವರು, ಆಮೇಲೆ ಹೆತ್ತವಳು, ಈ ಕ್ರಮದಲ್ಲಿ ನೆನೆಯೋಣ. ಅಕ್ಕ, ಬರುವ ಭಾನುವಾರ ಉಪೇಕ್ಷೆಯ ಪಾಠ ನೀವೇ ಓದಬೇಕು.

ನಮೋ ಬುದ್ಧಾಯ. ಜೈಭೀಮ್.